ಕುಳ್ಳರ ಕೋಟೆಯಲ್ಲಿ ಯಾರೂ ಬರೆಯದ ಸಾವುಗಳು

ಎಲ್ಲರಿಗೂ ನಮಸ್ಕಾರ.

ಬೆಕ್ಕುಗಳ ಸಾವಿನಿಂದ ಶುರು ಮಾಡುತ್ತೇನೆ. 2015ರ ಕೊನೆಯಲ್ಲಿ 'ಡ್ವಾರ್ಫ್ ಫೋರ್ಟ್ರೆಸ್' ಎಂಬ ಕಂಪ್ಯೂಟರ್ ಆಟಕ್ಕೆ ಹೊಸದಾಗಿ ಹೆಂಡದಂಗಡಿಗಳು ಬಂದವು. ಆಟದೊಳಗಿನ ಕುಳ್ಳರು ಕೆಲಸ ಮುಗಿಸಿ ಅಲ್ಲಿ ಸೇರುತ್ತಾರೆ, ಕುಡಿಯುತ್ತಾರೆ, ಹಾಡುತ್ತಾರೆ, ಕುಣಿಯುತ್ತಾರೆ. ಸ್ವಲ್ಪ ದಿನಕ್ಕೆ ಆಟಗಾರರು ಒಂದು ವಿಷಯ ಗಮನಿಸಿದರು. ಅಂಗಡಿಯ ನೆಲದ ಮೇಲೆ ಬೆಕ್ಕುಗಳು ಸತ್ತು ಬಿದ್ದಿರುತ್ತಿದ್ದವು. ಮೈಯೆಲ್ಲ ವಾಂತಿ. ಯಾರೂ ಹೊಡೆದ ಗುರುತಿಲ್ಲ, ಶತ್ರು ಬಂದಿಲ್ಲ.

ಆಟ ಬರೆದ ಟಾರ್ನ್ ಆಡಮ್ಸ್ ಹುಡುಕುತ್ತಾ ಹೋದರು. ಕುಳ್ಳರು ಕುಡಿಯುವಾಗ ಹೆಂಡ ನೆಲಕ್ಕೆ ಚೆಲ್ಲುತ್ತದೆ. ಬೆಕ್ಕು ಅದರ ಮೇಲೆ ನಡೆಯುತ್ತದೆ. ಪಾದಕ್ಕೆ ಹೆಂಡ ಅಂಟುತ್ತದೆ. ಬೆಕ್ಕಿಗೆ ಮೈ ನೆಕ್ಕಿ ಚೊಕ್ಕಟ ಮಾಡಿಕೊಳ್ಳುವ ಗುಣ ಇದೆ, ಹಾಗಾಗಿ ಪಾದ ನೆಕ್ಕುತ್ತದೆ. ಅಂಟಿದ ಅಷ್ಟೇ ಅಷ್ಟು ಹೆಂಡವನ್ನೂ ಆಟ ಪೂರ್ತಿ ಒಂದು ಪಾಲು ಕುಡಿದ ಹಾಗೆ ಲೆಕ್ಕ ಹಾಕುತ್ತಿತ್ತು. ಬೆಕ್ಕಿನ ಮೈ ಪುಟ್ಟದು. ನಂಜೇರಿ ಸಾಯುತ್ತಿತ್ತು.

ಲೆಕ್ಕದ ತಪ್ಪನ್ನು ಆಮೇಲೆ ಸರಿ ಮಾಡಿದರು. ಇದನ್ನು ಕೇಳಿ ಬಹಳ ಜನ ನಗುತ್ತಾರೆ. ನನಗೆ ನಗು ಬರಲಿಲ್ಲ. 'ಬೆಕ್ಕು ಸಾಯಲಿ' ಎಂದು ಯಾರೂ ಬರೆದಿರಲಿಲ್ಲ. ಒಬ್ಬರು ಬೆಕ್ಕಿಗೆ ಚೊಕ್ಕಟತನ ಕೊಟ್ಟಿದ್ದರು. ಕುಳ್ಳರಿಗೆ ಸೇರಿ ಕುಣಿಯುವ ಜಾಗ ಕೊಟ್ಟಿದ್ದರು. ಎರಡೂ ಒಳ್ಳೆಯವೇ, ಅಲ್ವಾ? ಈ ಆಟ ಆಡಿದ ಇಷ್ಟು ವರ್ಷಗಳಲ್ಲಿ ನನ್ನನ್ನು ಜಾಸ್ತಿ ಕಾಡಿದ ಸಾವುಗಳೆಲ್ಲ ಹೀಗೆಯೇ ಬಂದವು. ಆಟಕ್ಕೆ ಯಾರೋ ಪ್ರೀತಿಯಿಂದ ಸೇರಿಸಿದ ಒಂದು ನಿಯಮದ ಬೆನ್ನಿಗೆ ಬಂದವು. ಇವತ್ತು ಅದನ್ನೇ ಹೇಳಬೇಕು ಅಂತ ಬಂದಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ಟಾರ್ನ್ ಮತ್ತು ಝ್ಯಾಕ್ ಆಡಮ್ಸ್ ಅಣ್ಣತಮ್ಮಂದಿರು. 2002ರಲ್ಲಿ ಇದರ ಕೆಲಸ ಶುರು ಮಾಡಿದರು, 2006ರ ಆಗಸ್ಟ್‌ನಲ್ಲಿ ಮೊದಲ ಸಲ ಹೊರಗೆ ಬಿಟ್ಟರು. ಟಾರ್ನ್ ಸ್ಟ್ಯಾನ್‌ಫರ್ಡ್‌ನಲ್ಲಿ ಗಣಿತದಲ್ಲಿ ಪಿಎಚ್‌ಡಿ ಮಾಡಿದವರು. ವಿಶ್ವವಿದ್ಯಾಲಯದ ಕೆಲಸ ಬಿಟ್ಟು ಇದನ್ನೇ ಹಿಡಿದರು. ಹದಿನಾರು ವರ್ಷ ಆಟ ಪುಕ್ಕಟೆಯಾಗಿಯೇ ಸಿಗುತ್ತಿತ್ತು. ಆಡುವವರು ಪ್ರೀತಿಯಿಂದ ಕೊಟ್ಟ ಹಣದಲ್ಲೇ ಅವರ ಬದುಕು ನಡೆಯುತ್ತಿತ್ತು. 2022ರ ಡಿಸೆಂಬರ್‌ನಲ್ಲಿ, ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯಲ್ಲಿ, ಹಣ ಕೊಟ್ಟು ಕೊಳ್ಳುವ, ಚಿತ್ರಗಳಿರುವ ಆವೃತ್ತಿ ಬಂತು. ಅಲ್ಲಿಯವರೆಗೆ ಸ್ಕ್ರೀನ್ ಮೇಲೆ ಕಾಣುತ್ತಿದ್ದದ್ದು ಬರೀ ಅಕ್ಷರ ಮತ್ತು ಗುರುತುಗಳು. ಒಂದು ಪುಟ್ಟ ಮುಖದ ಗುರುತು ಅಂದರೆ ಕುಳ್ಳ. ಇಂಗ್ಲಿಷಿನ 'ಸಿ' ಅಕ್ಷರ ಅಂದರೆ ಬೆಕ್ಕು, 'ಜಿ' ಅಂದರೆ ಗಾಬ್ಲಿನ್, ಕುಳ್ಳರ ಮೇಲೆ ದಾಳಿ ಮಾಡುವ ದುಷ್ಟ ಜೀವಿ. ಹಾಗಿದ್ದಾಗಲೇ, 2012ರಲ್ಲಿ, ನ್ಯೂಯಾರ್ಕಿನ ಆಧುನಿಕ ಕಲೆಯ ಮ್ಯೂಸಿಯಂ ಇದನ್ನು ತನ್ನ ಸಂಗ್ರಹಕ್ಕೆ ಆರಿಸಿಕೊಂಡಿತು.

ಆಟ ಮೊದಲು ಒಂದು ಲೋಕವನ್ನೇ ಹುಟ್ಟಿಸುತ್ತದೆ. ಬೆಟ್ಟ, ನದಿ, ಮಳೆ. ಆಮೇಲೆ ನೂರಾರು ವರ್ಷಗಳ ಇತಿಹಾಸ. ರಾಜ್ಯಗಳು ಏಳುತ್ತವೆ, ಯುದ್ಧ ಆಗುತ್ತದೆ, ಜನ ಮದುವೆಯಾಗುತ್ತಾರೆ, ಸಾಯುತ್ತಾರೆ. ಪ್ರತಿಯೊಬ್ಬರಿಗೂ ಹೆಸರಿದೆ. ಇದೆಲ್ಲ ಮುಗಿದ ಮೇಲೆ ಏಳು ಜನ ಕುಳ್ಳರು ಒಂದು ಗಾಡಿಯ ಜತೆ ಕಾಡಲ್ಲಿ ನಿಂತಿರುತ್ತಾರೆ. ಅಲ್ಲಿಂದ ಆಟ ನಿಮ್ಮದು. ಆದರೆ ಯಾವ ಕುಳ್ಳನ ಕೈಕಾಲೂ ನಿಮ್ಮ ಹಿಡಿತದಲ್ಲಿಲ್ಲ. ಇಲ್ಲಿ ಅಗೆಯಿರಿ, ಇಲ್ಲಿ ಹಾಸಿಗೆ ಇಡಿ ಎಂದು ಹೇಳಬಹುದು, ಅಷ್ಟೇ. ಯಾರು ಬರುತ್ತಾರೆ, ಯಾವಾಗ ಬರುತ್ತಾರೆ, ಬರುವ ದಾರಿಯಲ್ಲಿ ಏನು ನೋಡುತ್ತಾರೆ, ಅದು ಅವರ ಪಾಡು.

ಈ ಅಣ್ಣತಮ್ಮಂದಿರು ಕೆಲಸ ಮಾಡುವ ರೀತಿ ನನಗೆ ತುಂಬ ಇಷ್ಟ. ಝ್ಯಾಕ್ ಸಣ್ಣ ಸಣ್ಣ ಕಥೆ ಬರೆಯುತ್ತಾರೆ. ಆಮೇಲೆ ಇಬ್ಬರೂ ಕೂತು ಆ ಕಥೆಯನ್ನು ಬಿಡಿಸಿ ನೋಡುತ್ತಾರೆ. ಇಂಥ ಕಥೆ ನಮ್ಮ ಆಟದಲ್ಲಿ ತಾನಾಗಿಯೇ ನಡೆಯಬೇಕಾದರೆ ಏನೇನು ಬೇಕು? ಹಳೆಯ ದ್ವೇಷ ಇಟ್ಟುಕೊಳ್ಳಲು ಬರಬೇಕಾ? ಸುಳ್ಳು ಹೇಳಲು ಬರಬೇಕಾ? ಹೀಗೆ ಸಿಕ್ಕಿದ್ದನ್ನೆಲ್ಲ ಆಟಕ್ಕೆ ಸೇರಿಸಬೇಕಾದ್ದರ ಪಟ್ಟಿಗೆ ಹಾಕುತ್ತಾರೆ. ಬರೆದ ಕಥೆ ಆಟದೊಳಗೆ ಹೋಗುವುದಿಲ್ಲ. ಕಥೆ ಹುಟ್ಟುವುದಕ್ಕೆ ಬೇಕಾದ ಮಣ್ಣು ಮಾತ್ರ ಹೋಗುತ್ತದೆ.

ಈಗ ಸ್ನೇಹದ ವಿಷಯಕ್ಕೆ ಬರುತ್ತೇನೆ.

ಕೆಲಸ ಇಲ್ಲದ ಕುಳ್ಳರು ಊಟದ ಹಾಲ್‌ನಲ್ಲಿ ಸೇರುತ್ತಾರೆ. ಸುಮ್ನೆ ಮಾತಾಡುತ್ತಾರೆ. ಮಾತಾಡುತ್ತಾ ಪರಿಚಯ ಸ್ನೇಹವಾಗುತ್ತದೆ. ಹಾಲ್ ಚೆನ್ನಾಗಿದ್ದರೆ ಖುಷಿಯೂ ಜಾಸ್ತಿ. ಹೊಸದಾಗಿ ಆಡುವಾಗ ನಾನೂ ದೊಡ್ಡ ಹಾಲ್ ಕೊರೆಸಿದೆ. ಗೋಡೆ ನಯ ಮಾಡಿಸಿದೆ, ಕೆತ್ತನೆ ಮಾಡಿಸಿದೆ. ಎಲ್ಲರೂ ಎಲ್ಲರಿಗೂ ಸ್ನೇಹಿತರಾದರು. ಪಟ್ಟಿ ತೆಗೆದು ನೋಡಿದರೆ ಒಬ್ಬೊಬ್ಬರಿಗೂ ಹದಿನೈದು, ಇಪ್ಪತ್ತು ಜನ ಗೆಳೆಯರು. ಎಂಥ ಒಳ್ಳೆಯ ಊರು ಕಟ್ಟಿದ್ದೇನೆ ಎಂದು ಹೆಮ್ಮೆ ಪಟ್ಟೆ.

ಒಂದು ದಿನ ಗಣಿಯಲ್ಲಿ ಬಂಡೆ ಕುಸಿದು ಒಬ್ಬ ಸತ್ತ. ಇಪ್ಪತ್ತು ಜನರ ಎದೆ ಒಡೆಯಿತು. ಅವರಲ್ಲಿ ಒಬ್ಬನಿಗೆ ಮೊದಲೇ ಬೇರೆ ಬೇಸರಗಳಿದ್ದವು. ಅವನು ರೊಚ್ಚಿಗೆದ್ದು ಮೇಜು ಮುರಿದ, ಎದುರಿಗೆ ಬಂದವಳಿಗೆ ಹೊಡೆದ. ಅವಳು ಸತ್ತಳು. ಅವಳಿಗೂ ಇಪ್ಪತ್ತು ಗೆಳೆಯರು. ಹೊಡೆದವನಿಗೆ ಶಿಕ್ಷೆ ಆಯಿತು, ಅದರಿಂದ ಅವನ ಗೆಳೆಯರು ನೊಂದರು. ಒಂದು ಋತು ಮುಗಿಯುವುದರೊಳಗೆ ಹಾಲ್ ತುಂಬ ಹೆಣ. ಹೊರಗಿನಿಂದ ಒಬ್ಬ ಶತ್ರುವೂ ಬಂದಿರಲಿಲ್ಲ.

ಆಟಗಾರರು ಇದನ್ನು 'ಟ್ಯಾಂಟ್ರಮ್ ಸ್ಪೈರಲ್' ಎನ್ನುತ್ತಾರೆ. ರೋಷದ ಸುಳಿ ಅನ್ನಬಹುದು. ಹಳೆಯ ಆವೃತ್ತಿಗಳಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತು ಅಂದರೆ, ಕುಳ್ಳರಿಗೆ ಬಿಡುವು ಕೊಡಬೇಡಿ, ಹರಟೆಗೆ ಬಿಟ್ಟರೆ ಗೆಳೆಯರಾಗಿಬಿಡುತ್ತಾರೆ ಎಂದು ಅನುಭವ ಇದ್ದವರು ಹೊಸಬರಿಗೆ ಹೇಳುತ್ತಿದ್ದರು. ಆಟದ ಲೆಕ್ಕದ ಪ್ರಕಾರ ಅದು ಸರಿಯಾದ ಮಾತೇ. ನನಗೆ ಮಾತ್ರ ಹಾಗೆ ಆಡಲು ಆಗಲಿಲ್ಲ. ಯಾರಿಗೂ ಯಾರೂ ಬೇಡವಾದ ಕೋಟೆ ಬೀಳುವುದಿಲ್ಲ, ನಿಜ. ಆದರೆ ಅಂಥ ಕೋಟೆಯನ್ನು ಕಾಪಾಡಬೇಕು ಅಂತ ನನಗೆ ಅನಿಸುವುದೇ ಇಲ್ಲ.

2014ರಿಂದ ಈ ಲೆಕ್ಕ ಬದಲಾಯಿತು. ಮನಸ್ಸಿನ ಒತ್ತಡ ಒಂದೇ ಏಟಿಗೆ ಏರದೆ ನಿಧಾನವಾಗಿ ಕೂಡುತ್ತಾ ಹೋಗುವ ಹಾಗಾಯಿತು. 2018ರಲ್ಲಿ ಇನ್ನೂ ಆಳಕ್ಕೆ ಹೋದರು. ಕುಳ್ಳರಿಗೆ ನೆನಪು ಬಂತು. ಜೋರಾಗಿ ತಟ್ಟಿದ ಘಟನೆಗಳು ಮನಸ್ಸಲ್ಲಿ ಉಳಿಯುತ್ತವೆ, ಆಗಾಗ ಮರುಕಳಿಸುತ್ತವೆ. ಕೆಲವು ನೆನಪುಗಳು ಕುಳ್ಳನ ಸ್ವಭಾವವನ್ನೇ ಬದಲಿಸಿಬಿಡುತ್ತವೆ. ಧೈರ್ಯವಂತ ಅಂಜುಬುರುಕನಾಗಬಹುದು. ಮಳೆಯಲ್ಲಿ ನೆನೆದದ್ದೂ ನೆನಪಲ್ಲಿ ಉಳಿಯಬಹುದು, ಗೆಳೆಯನ ಹೆಣ ನೋಡಿದ್ದೂ ಉಳಿಯಬಹುದು. ನಾವು ಯಾರಾದರೂ ಒಬ್ಬರನ್ನು ಆರಿಸಿ ಅವರ ಮನಸ್ಸಿನ ಪುಟ ತೆರೆದರೆ ಎಲ್ಲ ಓದಲು ಸಿಗುತ್ತದೆ.

ಆ ಪುಟಗಳನ್ನು ಓದುವ ಚಟ ನನಗೆ ಹತ್ತಿತು. ಹಾಗಾಗಿಯೇ ಓಲೋನ್‌ನ ಕಥೆ ನನಗೆ ಗೊತ್ತಾಯಿತು. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಓಲೋನ್ ಕೆತ್ತನೆಗಾರ. ಅವನ ಹೆಂಡತಿ ಡೋಮಾಸ್ ಮರ ಕಡಿಯುವವಳು. ಕೋಟೆಯ ಐದನೆಯ ವರ್ಷ ಅವರಿಗೆ ಮಗುವಾಯಿತು, ಹೆಸರು ಕಿಬ್. ಈ ಆಟದಲ್ಲಿ ತಾಯಂದಿರು ಒಂದು ವರ್ಷದವರೆಗೆ ಮಗುವನ್ನು ಎತ್ತಿಕೊಂಡೇ ಇರುತ್ತಾರೆ. ಕೆಲಸಕ್ಕೂ ಎತ್ತಿಕೊಂಡೇ ಹೋಗುತ್ತಾರೆ. ಸೈನ್ಯದಲ್ಲಿರುವ ತಾಯಿ ಯುದ್ಧಕ್ಕೂ ಹಾಗೆಯೇ ಹೋಗುತ್ತಾಳೆ. ತಾಯಿ ಮಗುವನ್ನು ಬಿಟ್ಟಿರಬಾರದು ಎಂಬ ನಿಯಮ ಅದು. ಎಷ್ಟು ಮೃದುವಾದ ನಿಯಮ!

ಶರತ್ಕಾಲದಲ್ಲಿ ಗಾಬ್ಲಿನ್‌ಗಳ ಸೈನ್ಯ ಬಂತು. ಕೋಟೆಯ ಬಾಗಿಲಲ್ಲಿ ಎಳೆದುಕೊಳ್ಳುವ ಸೇತುವೆ ಇತ್ತು. ಲಿವರ್ ಎಳೆದರೆ ಅದು ಮೇಲೆದ್ದು ಬಾಗಿಲು ಮುಚ್ಚುತ್ತದೆ. ನಾನು ತಕ್ಷಣ ಆಜ್ಞೆ ಕೊಟ್ಟೆ. ಒಳಗೆ ಎಂಬತ್ತು ಜನ ಇದ್ದರು. ಸೇತುವೆ ಎದ್ದಿತು. ಆಮೇಲೆ ನಕ್ಷೆ ನೋಡಿದೆ. ನದಿಯ ದಡದಲ್ಲಿ ಒಬ್ಬಳು ಇನ್ನೂ ಓಡುತ್ತಾ ಇದ್ದಳು.

ಸೇತುವೆ ಮತ್ತೆ ಇಳಿಸಬಹುದಿತ್ತು. ಆಟ ನಿಲ್ಲಿಸಿ ಬಹಳ ಹೊತ್ತು ಕೂತಿದ್ದೆ. ಇಳಿಸಿದರೆ ಅವಳ ಹಿಂದೆಯೇ ಎಲ್ಲರೂ ಒಳಗೆ ಬರುತ್ತಾರೆ. ಇಳಿಸಲಿಲ್ಲ.

ಅವಳು ದಡದಲ್ಲೇ ಸತ್ತಳು. ಮಗು ನೀರಿಗೆ ಬಿತ್ತು. ಗಾಬ್ಲಿನ್‌ಗಳು ಕೆಲವು ದಿನ ಕಾದು ಹೊರಟುಹೋದರು. ಉಳಿದ ಎಂಬತ್ತು ಜನಕ್ಕೆ ಏನೂ ಆಗಲಿಲ್ಲ.

ಬಾಗಿಲು ತೆಗೆಸಿ, ಒಂದು ಕಲ್ಲಿನ ಶವಪೆಟ್ಟಿಗೆ ಇಡಿಸಿ, ಡೋಮಾಸ್‌ಳನ್ನು ತಂದು ಹೂಳಿ ಎಂದು ಆಜ್ಞೆ ಕೊಟ್ಟೆ. ಯಾರು ತರಬೇಕು ಎಂದು ನಾನು ಹೇಳುವ ಹಾಗಿಲ್ಲ. ಆ ಕ್ಷಣಕ್ಕೆ ಬಿಡುವಾಗಿರುವವರು ಯಾರು ಎಂದು ಆಟ ನೋಡುತ್ತದೆ. ಯಾರು ಯಾರಿಗೆ ಏನಾಗಬೇಕು ಎಂದು ನೋಡುವುದಿಲ್ಲ. ಓಲೋನ್ ಆಗಷ್ಟೇ ಒಂದು ಗೋಡೆಯ ಕೆಲಸ ಮುಗಿಸಿದ್ದ. ಅವನೇ ಹೊರಟ. ಆ ಪುಟ್ಟ ಮುಖದ ಗುರುತು ಬಾಗಿಲು ದಾಟಿ, ದಡಕ್ಕೆ ಹೋಗಿ, ಹೆಂಡತಿಯನ್ನು ಎತ್ತಿಕೊಂಡು ವಾಪಸ್ ಬರುವುದನ್ನು ನಾನು ನೋಡುತ್ತಾ ಕೂತೆ. ನಡುವೆ ಎಲ್ಲೂ ನಿಲ್ಲಲಿಲ್ಲ. ಪೆಟ್ಟಿಗೆಯಲ್ಲಿ ಇಟ್ಟ. ಆಮೇಲೆ ಹಾಲ್‌ಗೆ ಹೋದ.

ಅವನ ಪುಟ ತೆರೆದೆ. ಹೆಂಡತಿಯ ಹೆಣ ನೋಡಿ ನಡುಗಿಹೋದ ಎಂದಿತ್ತು. ಅದರ ಮೇಲಿನ ಸಾಲಿನಲ್ಲಿ, ಚೆನ್ನಾಗಿ ಮಾಡಿದ ಒಂದು ಬಾಗಿಲನ್ನು ನೋಡಿ ಸಂತೋಷಪಟ್ಟ ಎಂದಿತ್ತು. ಎರಡೂ ಒಂದೇ ದಿನದ ಮಾತು. ಆ ಎರಡು ಸಾಲುಗಳನ್ನು ಒಟ್ಟಿಗೆ ಇಡಲು ಯಾವ ಬರಹಗಾರನೂ ಧೈರ್ಯ ಮಾಡುತ್ತಿರಲಿಲ್ಲ ಅನಿಸುತ್ತದೆ. ಆದರೆ ದುಃಖದ ದಿನಗಳು ಹಾಗೆಯೇ ಇರುತ್ತವೆ. ಕಣ್ಣು ಬಾಗಿಲನ್ನೂ ನೋಡುತ್ತದೆ.

ಇದನ್ನು ಹೇಳಿದಾಗಲೆಲ್ಲ ಯಾರಾದರೂ ಒಬ್ಬರು ಕೇಳುತ್ತಾರೆ, ಅವು ಬರೀ ಅಂಕಿಗಳು ತಾನೆ, ದುಃಖವೆಲ್ಲ ನೀವು ಕಲ್ಪಿಸಿಕೊಂಡದ್ದಲ್ಲವೇ ಅಂತ. ಅರ್ಧ ನಿಜ. ಓಲೋನ್ ನಿಧಾನವಾಗಿ ನಡೆದ, ತಲೆ ತಗ್ಗಿಸಿದ್ದ ಎಂದೆಲ್ಲ ನನ್ನ ಮನಸ್ಸು ಸೇರಿಸಿತು. ಸ್ಕ್ರೀನ್ ಮೇಲೆ ತಲೆ ತಗ್ಗಿಸುವಷ್ಟು ಜಾಗವೇ ಇಲ್ಲ. ಆದರೆ ಅವನು ಅವಳ ಗಂಡ ಎಂಬುದನ್ನು ನಾನು ಕಲ್ಪಿಸಲಿಲ್ಲ. ಅವನೇ ಅವಳನ್ನು ಹೊತ್ತು ತಂದದ್ದನ್ನೂ ಕಲ್ಪಿಸಲಿಲ್ಲ. ಅದು ನಡೆಯಿತು, ದಾಖಲಾಯಿತು. ನಾನು ಆಟ ಮುಚ್ಚಿ ಮಲಗಿದರೂ ಆ ದಾಖಲೆ ಹಾಗೆಯೇ ಇರುತ್ತದೆ. ಸಿನಿಮಾದಲ್ಲಿ ಯಾರಾದರೂ ಸತ್ತರೆ, ಅವರನ್ನು ಸಾಯಿಸಬೇಕು ಎಂದು ಯಾರೋ ಮೊದಲೇ ತೀರ್ಮಾನಿಸಿದ್ದಾರೆ ಎಂಬ ಸಣ್ಣ ಸಮಾಧಾನ ಇರುತ್ತದೆ. ಇಲ್ಲಿ ಆ ಸಮಾಧಾನ ಇಲ್ಲ. ಸೇತುವೆ ಎತ್ತಿಸಿದ್ದು ನಾನು.

ಓಲೋನ್‌ನ ಕಥೆ ಇನ್ನೂ ಮುಗಿದಿಲ್ಲ. ಅದಕ್ಕೆ ಮೊದಲು ಬೇರೆ ಎರಡು ಮಾತು.

ಈ ಆಟದ ಜನ ತುಂಬ ಹೇಳುವ ಕಥೆ 'ಬೋಟ್‌ಮರ್ಡರ್ಡ್' ಎಂಬ ಕೋಟೆಯದು. ಆಟ ಬಂದ ಹೊಸದರಲ್ಲಿ, 2006 ಮತ್ತು 2007ರಲ್ಲಿ, ಹಲವರು ಸೇರಿ ಆಡಿದ್ದು. ಒಬ್ಬರು ಒಂದು ವರ್ಷ ಆಳಿ ಕೋಟೆಯನ್ನು ಮುಂದಿನವರ ಕೈಗೆ ಕೊಡಬೇಕು. ಆ ಕಾಲದ ಆವೃತ್ತಿಯಲ್ಲಿ ಆನೆಗಳು ವಿಪರೀತ ಸಿಟ್ಟಿನವು, ಹೊರಗೆ ಹೋದವರನ್ನೆಲ್ಲ ಕೊಲ್ಲುತ್ತಿದ್ದವು. ಅದಕ್ಕೆ ಒಂದು ಲಿವರ್ ಎಳೆದರೆ ಲಾವಾ ಹರಿದು ಹೊರಗಿನ ಬಯಲನ್ನೆಲ್ಲ ಸುಡುವ ವ್ಯವಸ್ಥೆ ಮಾಡಿಕೊಂಡರು. ಕೊನೆಗೆ ಕೋಟೆಯೇ ಬೆಂಕಿಯಲ್ಲಿ, ಹುಚ್ಚಿನಲ್ಲಿ ಮುಳುಗಿತು. ಎಷ್ಟೋ ಜನ ಈ ಆಟಕ್ಕೆ ಬಂದದ್ದೇ ಅದನ್ನು ಓದಿ. ನನಗೆ ಅದು ಗದ್ದಲ ಜಾಸ್ತಿ ಇರುವ ಕಥೆ. ಸಣ್ಣ ಕಥೆಗಳು ನನ್ನನ್ನು ಹೆಚ್ಚು ಹಿಡಿಯುತ್ತವೆ.

ಉದಾಹರಣೆಗೆ ಕದ್ದ ಮಕ್ಕಳು. ಗಾಬ್ಲಿನ್‌ಗಳು ಚೀಲ ಹಿಡಿದು ಕದ್ದು ಬರುತ್ತವೆ, ಮಕ್ಕಳನ್ನು ಎತ್ತಿಕೊಂಡು ಹೋಗುತ್ತವೆ. ಹಾಗೆ ಹೋದ ಮಗುವನ್ನು ಅವು ಕೊಲ್ಲುವುದಿಲ್ಲ, ಸಾಕುತ್ತವೆ. ಮಗು ಅಲ್ಲಿಯೇ ದೊಡ್ಡದಾಗುತ್ತದೆ, ಅವರಲ್ಲಿ ಒಬ್ಬನಾಗುತ್ತದೆ. ಹಾಗಾಗಿ ಗಾಬ್ಲಿನ್ ಸೈನ್ಯ ಬಂದಾಗ ಅದರೊಳಗೆ ಕೆಲವೊಮ್ಮೆ ಕುಳ್ಳರೂ ಇರುತ್ತಾರೆ. ಆಟದಲ್ಲಿ 'ಲೆಜೆಂಡ್ಸ್' ಎಂಬ ಭಾಗ ಇದೆ, ಲೋಕದ ಇಡೀ ಇತಿಹಾಸ ಅಲ್ಲಿ ಓದಬಹುದು. ಅಲ್ಲಿ ಇಂಥ ಒಬ್ಬರ ಹೆಸರು ಹುಡುಕಿದರೆ ಸಾಲು ಸಾಲಾಗಿ ಬರುತ್ತದೆ. ಇಂಥ ವರ್ಷ ಇಂಥ ಕೋಟೆಯಲ್ಲಿ ಹುಟ್ಟಿದಳು. ಇಂಥ ವರ್ಷ ಅಪಹರಣವಾಯಿತು. ಇಂಥ ಊರಲ್ಲಿ ನೆಲೆಸಿದಳು. ಇಂಥ ಯುದ್ಧದಲ್ಲಿ ಇಂಥವನನ್ನು ಕೊಂದಳು. ಆ ಕೊನೆಯ ಹೆಸರಿನ ಮೇಲೆ ಒತ್ತಿ ಅವನ ಅಪ್ಪಅಮ್ಮ ಯಾರು ಎಂದು ನೋಡಬಹುದು. ಒಂದು ಸಲ ನಾನು ನೋಡಿದೆ. ಇಬ್ಬರಿಗೂ ಒಬ್ಬಳೇ ತಾಯಿ. ಕದ್ದ ಮಗುವನ್ನು ಸಾಯಿಸದೆ ಬದುಕಿಸೋಣ ಎಂಬುದೂ ಒಂದು ಕರುಣೆಯ ನಿಯಮವೇ.

ಹಾಗೆಯೇ ಸೃಷ್ಟಿಯ ಹುಚ್ಚು ಹಿಡಿದವರು. ಇದ್ದಕ್ಕಿದ್ದಂತೆ ಒಬ್ಬ ಕುಳ್ಳನಿಗೆ ಏನೋ ಹೊಳೆಯುತ್ತದೆ. ಎಲ್ಲ ಬಿಟ್ಟು ಒಂದು ವರ್ಕ್‌ಶಾಪ್ ಹಿಡಿದು ಕೂರುತ್ತಾನೆ. ಕಲ್ಲು ಬೇಕು, ಮೂಳೆ ಬೇಕು, ಚಿಪ್ಪು ಬೇಕು ಎನ್ನುತ್ತಾನೆ. ಎಲ್ಲ ಸಿಕ್ಕರೆ ಜೀವಮಾನದ ಕೃತಿಯೊಂದು ಹುಟ್ಟುತ್ತದೆ, ಅದಕ್ಕೊಂದು ಹೆಸರು, ಅವನಿಗೂ ಹೆಸರು. ಒಂದೇ ಒಂದು ವಸ್ತು ಸಿಗದಿದ್ದರೂ ತಿಂಗಳುಗಟ್ಟಲೆ ಕಾದು ಕೊನೆಗೆ ಬುದ್ಧಿ ಕಳೆದುಕೊಳ್ಳುತ್ತಾನೆ. ಕೆಲವರು ಊಟ ಬಿಟ್ಟು ಸಾಯುತ್ತಾರೆ. ಇದು ಮಕ್ಕಳಿಗೂ ಬರುತ್ತದೆ. ಒಂದು ಚಿಪ್ಪಿಗಾಗಿ ಕಾಯುತ್ತಿರುವ ಮಗುವನ್ನು ನೋಡುತ್ತಾ, ಈ ಬೆಟ್ಟದಲ್ಲಿ ಎಲ್ಲೂ ಚಿಪ್ಪು ಸಿಗುವುದಿಲ್ಲ ಎಂದು ನಮಗೊಬ್ಬರಿಗೇ ಗೊತ್ತಿರುವುದು ಬಹಳ ಕಷ್ಟ.

ಈಗ ಓಲೋನ್.

ಈ ಆಟದಲ್ಲಿ ಸತ್ತವರನ್ನು ಹೂಳದಿದ್ದರೆ ಅವರು ಪ್ರೇತವಾಗಿ ವಾಪಸ್ ಬರುತ್ತಾರೆ. ಹೆಣ ಸಿಗದಿದ್ದರೆ ಒಂದು ಕಲ್ಲಿನ ಮೇಲೆ ಅವರ ಹೆಸರು ಕೆತ್ತಿಸಿ ನಿಲ್ಲಿಸಬೇಕು. ಹಾಗೆ ಮಾಡಿದರೆ ಪ್ರೇತಕ್ಕೆ ಶಾಂತಿ. ಸತ್ತವರನ್ನು ಮರೆಯಬೇಡಿ ಎಂಬುದು ಅಲ್ಲಿಯ ನಿಯಮ.

ಕಿಬ್‌ನ ದೇಹ ನದಿಯಲ್ಲಿ ಸಿಗಲೇ ಇಲ್ಲ. ಸ್ವಲ್ಪ ದಿನ ಕಳೆದ ಮೇಲೆ ಕೋಟೆಯೊಳಗೆ ಮಗುವಿನ ಪ್ರೇತ ಕಾಣಿಸಿಕೊಂಡಿತು. ಅದು ಯಾರಿಗೂ ಏನೂ ಮಾಡಲಿಲ್ಲ. ಮಲಗುವ ಕೋಣೆಗಳ ಓಣಿಯಲ್ಲಿ ಅತ್ತಿತ್ತ ತಿರುಗುತ್ತಿತ್ತು. ನೋಡಿದವರ ಮನಸ್ಸು ಕೆಡುತ್ತಿತ್ತು. ಓಲೋನ್ ಎರಡು ಸಲ ನೋಡಿದ್ದ, ಅದು ಅವನ ಪುಟದಲ್ಲಿತ್ತು.

ಕಲ್ಲಿನ ಫಲಕ ಮಾಡಿಸಿದೆ. ಯಾರ ಹೆಸರು ಕೆತ್ತಬೇಕು ಎಂದು ಆಟ ಪಟ್ಟಿ ಕೊಟ್ಟಿತು. ಕಿಬ್ ಎಂದು ಆರಿಸಿದೆ. ಆರಿಸಿದ ಮೇಲೆ ನೆನಪಾಯಿತು. ಇಡೀ ಕೋಟೆಯಲ್ಲಿ ಕೆತ್ತನೆ ಕೆಲಸಕ್ಕೆ ನಾನು ಇಟ್ಟಿದ್ದದ್ದು ಓಲೋನ್ ಒಬ್ಬನನ್ನೇ. ಅವನ ಕೈಕೆಲಸ ಅಷ್ಟು ಚೆನ್ನಾಗಿತ್ತು, ಇನ್ನೊಬ್ಬನನ್ನು ತಯಾರು ಮಾಡಬೇಕು ಅಂತ ಐದು ವರ್ಷದಲ್ಲಿ ನನಗೆ ಅನಿಸಿರಲಿಲ್ಲ. ಬೇರೆ ಯಾರಿಗಾದರೂ ಆ ಕೆಲಸ ಒಪ್ಪಿಸಿ ಅವನನ್ನು ತಪ್ಪಿಸಬಹುದಿತ್ತು. ಅದಕ್ಕೆ ಮೆನು ತೆರೆಯುವ ಹೊತ್ತಿಗೆ ಅವನು ವರ್ಕ್‌ಶಾಪ್ ತಲುಪಿಯಾಗಿತ್ತು. ತಡೆಯಲು ನನಗೆ ಮನಸ್ಸಾಗಲಿಲ್ಲ.

ಕೆತ್ತಿ ಮುಗಿಸಿದ. ಫಲಕವನ್ನು ಡೋಮಾಸ್‌ಳ ಪೆಟ್ಟಿಗೆಯ ಪಕ್ಕದಲ್ಲಿ ನಿಲ್ಲಿಸಲು ಹೇಳಿದೆ. ಅದರ ಮೇಲೆ ಹುಟ್ಟಿದ ವರ್ಷ 254, ಸತ್ತ ವರ್ಷ 255 ಎಂದು ಇತ್ತು. ಓಣಿಯಲ್ಲಿದ್ದ ಗುರುತು ಮಾಯವಾಯಿತು. ಓಲೋನ್ ಒಂದು ಪೀಪಾಯಿಯ ಹತ್ತಿರ ಹೋಗಿ ಕುಡಿದ. ಆಮೇಲೆ ಉಳಿ ತೆಗೆದುಕೊಂಡು, ನಾನು ಹಿಂದಿನ ವಾರ ಗುರುತು ಹಾಕಿಟ್ಟಿದ್ದ ಹಾಲ್‌ನ ಉತ್ತರದ ಗೋಡೆಯನ್ನು ನಯ ಮಾಡಲು ಶುರು ಮಾಡಿದ.